ಇಂಗ್ಲೆಂಡಿನ ಗ್ರಾಮಜೀವನ

ಹುಲ್ಲು ಹೊದಿಸಿದ ಮಾಡು, ಬಾಗಿಲ ಮೇಲೆ ಹಬ್ಬಿದ ಗುಲಾಬಿ ಬಳ್ಳಿ, ಮರಗಳ ನಡುವೆ ಚರ್ಚಿನ ಗೋಪುರ, ಊರ ಬಯಲಿನಲ್ಲಿ ಬಿಳಿ ಉಡುಪಿನವರ ಕ್ರಿಕೆಟ್. ಇಂಗ್ಲೆಂಡಿನ ಹಳ್ಳಿ ಎಂದೊಡನೆ ಕಣ್ಣಮುಂದೆ ಬರುವ ಚಿತ್ರ ಇದು. ಬಿಸ್ಕತ್ತಿನ ಡಬ್ಬಿ, ಗೋಡೆ ಕ್ಯಾಲೆಂಡರ್, ಟಿ.ವಿ. ಧಾರಾವಾಹಿಗಳು ಇದನ್ನು ಜಗತ್ತಿಗೆಲ್ಲ ಹಂಚಿವೆ. ಕಾಲೇಜಿನಲ್ಲಿ ಗೋಲ್ಡ್‌ಸ್ಮಿತ್, ಗ್ರೇ ಅವರ ಕವನಗಳನ್ನು ಪಠ್ಯವಾಗಿ ಓದಿದ ಹಿಂದಿನ ತಲೆಮಾರಿನ ಕನ್ನಡಿಗರಿಗೂ ಇದು ಹೊಸದಲ್ಲ. ಚಿತ್ರವೇನೂ ಸುಳ್ಳಲ್ಲ, ಕಾಟ್ಸ್‌ವಲ್ಡ್ಸ್ ಗುಡ್ಡಗಳಲ್ಲಿ, ವಿಲ್ಟ್‌ಶೈರ್, ಡಾರ್ಸೆಟ್, ಸಫೋಕ್ ಕೌಂಟಿಗಳಲ್ಲಿ ಇಂಥ ಊರುಗಳು ಈಗಲೂ ಬೇಕಾದಷ್ಟಿವೆ. ಆದರೆ ಈ ಚೆಲುವು ತಾನೇ ತಾನಾಗಿ ಉಳಿದು ಬಂದಿಲ್ಲ. ಒಂದು ಕಾಲದ ಬಡತನ ಅದನ್ನು ಮುಟ್ಟದೆ ಬಿಟ್ಟಿತು, ಆಮೇಲೆ ಬಂದ ಕಾನೂನು ಅದಕ್ಕೆ ಕಾವಲು ಕೂತಿತು, ಇಂದು ಅದನ್ನು ನಡೆಸಿಕೊಂಡು ಹೋಗುತ್ತಿರುವುದು ಬಹುಮಟ್ಟಿಗೆ ಸಂಬಳವಿಲ್ಲದೆ ದುಡಿಯುವ ಸಮಿತಿಗಳು.

ಇಂಗ್ಲೆಂಡಿನಲ್ಲಿ ಗ್ರಾಮಾಂತರ ಪ್ರದೇಶದಲ್ಲಿ ವಾಸಿಸುವವರು ಸುಮಾರು ಶೇ. 17 ಮಂದಿ. 1851ರ ಜನಗಣತಿಯ ಹೊತ್ತಿಗೇ ಇಂಗ್ಲೆಂಡ್ ಮತ್ತು ವೇಲ್ಸ್‌ನ ಅರ್ಧದಷ್ಟು ಜನ ಪಟ್ಟಣ ಸೇರಿಯಾಗಿತ್ತು. ಇಂದು ಕೃಷಿಯನ್ನೇ ನೆಚ್ಚಿ ಬದುಕುವವರು ದುಡಿಯುವ ಜನರಲ್ಲಿ ನೂರಕ್ಕೆ ಒಬ್ಬರಷ್ಟು. ಹೀಗಾಗಿ ಇಂಗ್ಲೆಂಡಿನ ಹಳ್ಳಿಯಲ್ಲಿ ರೈತರಿಗಿಂತ ನಿವೃತ್ತ ಶಿಕ್ಷಕರು, ದಿನವೂ ಪಟ್ಟಣಕ್ಕೆ ಓಡಾಡುವ ನೌಕರರು, ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ದುಡಿಯುವವರೇ ಹೆಚ್ಚು.

ಗೋಮಾಳದಿಂದ ಬೇಲಿಗೆ

1086ರಲ್ಲಿ ಒಂದನೆಯ ವಿಲಿಯಂ ದೊರೆ ತೆರಿಗೆಗಾಗಿ ಬರೆಸಿದ ಡೂಮ್ಸ್‌ಡೇ ಪುಸ್ತಕದಲ್ಲಿ 13,418 ಊರುಗಳು ದಾಖಲಾಗಿವೆ. ಇಂದಿನ ಬಹಳಷ್ಟು ಹಳ್ಳಿಗಳು ತಮ್ಮ ಹೆಸರನ್ನು ಅದರಲ್ಲಿ ಹುಡುಕಿ ತೋರಿಸಬಲ್ಲವು. ಆಗಿನ ಹಳ್ಳಿ ಎಂದರೆ ಒಬ್ಬ ಜಮೀನುದಾರ, ಒಂದು ಚರ್ಚು, ಅವುಗಳ ಸುತ್ತ ಒಕ್ಕಲುಗಳ ಗುಡಿಸಲು. ಮಧ್ಯ ಇಂಗ್ಲೆಂಡಿನಲ್ಲಿ ಊರಿನ ಸುತ್ತಲ ಭೂಮಿಯನ್ನು ಎರಡು ಮೂರು ವಿಶಾಲ ಬಯಲುಗಳಾಗಿ ಮಾಡಿ, ಒಬ್ಬೊಬ್ಬ ಒಕ್ಕಲಿಗೂ ಒಂದೊಂದು ಬಯಲಿನಲ್ಲಿ ಚದುರಿದಂತೆ ಉದ್ದನೆಯ ಪಟ್ಟಿಗಳನ್ನು ಕೊಡುತ್ತಿದ್ದರು. ಬೇಲಿ ಇರುತ್ತಿರಲಿಲ್ಲ. ಒಂದು ಬಯಲನ್ನು ವರ್ಷ ಬೀಳು ಬಿಡುವುದು, ಕೊಯ್ಲಾದ ಮೇಲೆ ಊರ ದನಗಳನ್ನೆಲ್ಲ ಕೂಳೆಗೆ ಬಿಡುವುದು, ಗೋಮಾಳದಲ್ಲಿ ಯಾರ ಹಸು ಎಷ್ಟು ಮೇಯಬಹುದು ಎನ್ನುವುದು, ಇವೆಲ್ಲ ಊರಿನ ಒಪ್ಪಂದದಂತೆ ನಡೆಯುತ್ತಿದ್ದವು.

ಈ ಪದ್ಧತಿ ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಎಂಬ ಹಳ್ಳಿಯಲ್ಲಿ ಇಂದಿಗೂ ಜೀವಂತವಾಗಿದೆ. ಅಲ್ಲಿ ಮೂರು ಬಯಲುಗಳಿವೆ. ಚಳಿಗಾಲದ ಆರಂಭದಲ್ಲಿ ರೈತರ ಪಂಚಾಯ್ತಿ ಮಂಡಲಿಯೊಂದು ಆ ವರ್ಷ ಗೋಧಿ ಬಿತ್ತಿದ ಬಯಲಿನಲ್ಲಿ ನಡೆದು ಹೋಗಿ, ಯಾರಾದರೂ ದಾರಿಯನ್ನೋ ಹುಲ್ಲುಪಟ್ಟಿಯನ್ನೋ ಒತ್ತಿ ಉತ್ತಿದ್ದಾರೆಯೇ ಎಂದು ನೋಡುತ್ತದೆ. ಒತ್ತಿದ ಕಡೆ ಗೂಟ ಬಡಿದು ಗಡಿ ಸರಿಪಡಿಸುತ್ತಾರೆ. ಮುಂದಿನ ವಾರ ಊರಿನ ಪಬ್ಬಿನಲ್ಲಿ ಕೂಡುವ ಜಮೀನು ನ್ಯಾಯಾಲಯ ತಪ್ಪಿತಸ್ಥರಿಗೆ ದಂಡ ಹಾಕುತ್ತದೆ. ದಂಡದ ಮೊತ್ತ ಅಲ್ಪ. ಆದರೆ ನೆರೆಹೊರೆಯವರೆದುರು ಹೆಸರು ಓದಿಸಿಕೊಳ್ಳುವುದು ಅಲ್ಪವಲ್ಲ.

ಉಳಿದೆಡೆ ಬೇಲಿ ಬಂತು. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಬೇಲಿ ಮಸೂದೆಗಳಿಗೆ ಒಪ್ಪಿಗೆ ಕೊಟ್ಟು ಸುಮಾರು 68 ಲಕ್ಷ ಎಕರೆಯನ್ನು, ಎಂದರೆ ದೇಶದ ಐದನೆಯ ಒಂದು ಪಾಲಿಗಿಂತ ಹೆಚ್ಚು ನೆಲವನ್ನು, ಖಾಸಗಿ ಹಿಡುವಳಿಯಾಗಿ ಮಾಡಿತು. ಪ್ರವಾಸಿಗರು ಇಂದು ಮೆಚ್ಚಿ ನೋಡುವ ಹಸಿರು ಬೇಲಿಗಳ ಚೌಕುಳಿ ಹೊಲಗಳಲ್ಲಿ ದೊಡ್ಡ ಭಾಗ ಆ ಕಾಲದ ಸರ್ವೇದಾರರ ಗೆರೆ. ಗೋಮಾಳ ಹೋದದ್ದರಿಂದ ಒಂದು ಹಸು, ನಾಲ್ಕು ಬಾತು, ಒಂದು ಹೊರೆ ಸೌದೆಯನ್ನು ನಂಬಿಕೊಂಡಿದ್ದ ಬಡವ ಪೂರ್ತಿ ಕೂಲಿಯಾದ. ಒಕ್ಕಣೆ ಯಂತ್ರ ಬಂದು ಚಳಿಗಾಲದ ಕೂಲಿಯೂ ಹೋದಾಗ, 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಉದ್ದಗಲಕ್ಕೂ ಕೂಲಿಗಳು ಯಂತ್ರಗಳನ್ನು ಮುರಿದರು. 1834ರಲ್ಲಿ ಡಾರ್ಸೆಟ್‌ನ ಟಾಲ್‌ಪಡಲ್ ಹಳ್ಳಿಯ ಆರು ಕೂಲಿಕಾರರು ಸಂಘ ಕಟ್ಟಿ ಪ್ರಮಾಣ ಮಾಡಿದರೆಂಬ ಕಾರಣಕ್ಕೆ ಅವರಿಗೆ ಏಳು ವರ್ಷ ಆಸ್ಟ್ರೇಲಿಯಾಕ್ಕೆ ಗಡೀಪಾರು ಶಿಕ್ಷೆ ವಿಧಿಸಲಾಯಿತು. ಜನರ ಕೂಗಿಗೆ ಮಣಿದು ಸರ್ಕಾರ 1836ರಲ್ಲಿ ಅವರನ್ನು ಕ್ಷಮಿಸಿತು. ಅವರು ಸಭೆ ಸೇರುತ್ತಿದ್ದ ಮರ ಊರಲ್ಲಿ ಇನ್ನೂ ಇದೆ. ಕಾರ್ಮಿಕ ಸಂಘಗಳವರು ಪ್ರತಿ ಜುಲೈ ತಿಂಗಳಲ್ಲಿ ಅಲ್ಲಿ ಮೆರವಣಿಗೆ ಮಾಡುತ್ತಾರೆ.

ಚೆಲುವು ಉಳಿದ ಬಗೆ

ಇಂದು ಅತಿ ಚೆಲುವೆನಿಸಿಕೊಂಡ ಹಳ್ಳಿಗಳು ಹೆಚ್ಚಾಗಿ ಉಣ್ಣೆಯಲ್ಲಿ ಶ್ರೀಮಂತವಾಗಿ, ಆಮೇಲೆ ಬಡವಾದವು. ಮಧ್ಯಯುಗದಲ್ಲಿ ಕಾಟ್ಸ್‌ವಲ್ಡ್ಸ್ ಕುರಿಗಳ ಉಣ್ಣೆ ಯೂರೋಪಿನಲ್ಲಿ ಹೆಸರು ಮಾಡಿತ್ತು. ಆ ಹಣದಲ್ಲಿ ಸಣ್ಣ ಊರುಗಳಲ್ಲೂ ದೊಡ್ಡ ಚರ್ಚುಗಳು ಎದ್ದವು, ಜೇನುಬಣ್ಣದ ಸುಣ್ಣಕಲ್ಲಿನ ಮನೆಗಳು ಸಾಲುಗಟ್ಟಿದವು. ನೇಯ್ಗೆ ಉತ್ತರದ ಕಲ್ಲಿದ್ದಲಿನ ಪಟ್ಟಣಗಳಿಗೆ ಹೋದ ಮೇಲೆ ಈ ಊರುಗಳಲ್ಲಿ ಹಳೆಯದನ್ನು ಕೆಡವಿ ಹೊಸದು ಕಟ್ಟುವಷ್ಟು ದುಡ್ಡೇ ಉಳಿಯಲಿಲ್ಲ. ಸಫೋಕ್‌ನ ಲ್ಯಾವೆನಮ್‌ನಲ್ಲಿ ಮರದ ಚೌಕಟ್ಟಿನ ಮನೆಗಳು ಓರೆಕೋರೆಯಾಗಿಯೇ ನಿಂತಿರುವುದಕ್ಕೂ ಇದೇ ಕಾರಣ.

ಗ್ಲಾಸ್ಟರ್‌ಶೈರ್‌ನ ಬೈಬರಿಯಲ್ಲಿರುವ ಆರ್ಲಿಂಗ್‌ಟನ್ ರೋ ಎಂಬ ಮನೆಸಾಲು 14ನೆಯ ಶತಮಾನದಲ್ಲಿ ಉಣ್ಣೆಯ ಉಗ್ರಾಣವಾಗಿ ಹುಟ್ಟಿ, 17ನೆಯ ಶತಮಾನದಲ್ಲಿ ನೇಕಾರರ ಮನೆಗಳಾಗಿ ಮಾರ್ಪಟ್ಟಿತು. ಎದುರಿನ ಜೌಗು ಹುಲ್ಲುಗಾವಲಿನಲ್ಲಿ ತೊಳೆದ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಒಣಗಿಸುತ್ತಿದ್ದರು. ಇಕ್ಕಟ್ಟು, ತೇವ, ಕತ್ತಲೆಯ ಬಡವರ ಮನೆಗಳವು. ಕವಿಯೂ ವಿನ್ಯಾಸಕಾರನೂ ಆದ ವಿಲಿಯಂ ಮಾರಿಸ್ ಈ ಊರನ್ನು ಇಂಗ್ಲೆಂಡಿನ ಅತಿ ಸುಂದರ ಹಳ್ಳಿ ಎಂದು ಹೊಗಳಿದ ಮೇಲೆ ಅದರ ಕೀರ್ತಿ ಬೆಳೆಯಿತು. ಅಮೆರಿಕದ ಕಾರು ತಯಾರಕ ಹೆನ್ರಿ ಫೋರ್ಡ್‌ಗೆ ಈ ಸೀಮೆಯ ಮನೆಗಳ ಮೇಲೆ ಎಷ್ಟು ಮೋಹ ಹತ್ತಿತೆಂದರೆ, 1930ರಲ್ಲಿ ಚೆಡ್‌ವರ್ತ್ ಹಳ್ಳಿಯ ಒಂದು ಕಾಟೇಜನ್ನು ಕೊಂಡು, ಕಲ್ಲು ಕಲ್ಲಾಗಿ ಬಿಚ್ಚಿಸಿ, ಹಡಗಿನಲ್ಲಿ ಮಿಷಿಗನ್‌ಗೆ ಸಾಗಿಸಿ ಮತ್ತೆ ಕಟ್ಟಿಸಿದ.

ಕೆಲವು ಕಡೆ ಚೆಲುವನ್ನು ಬೇಕೆಂದೇ ಕಟ್ಟಿದ್ದೂ ಉಂಟು. ಡಾರ್ಸೆಟ್‌ನಲ್ಲಿ ಲಾರ್ಡ್ ಮಿಲ್ಟನ್ 18ನೆಯ ಶತಮಾನದ ಉತ್ತರಾರ್ಧದಲ್ಲಿ ತನ್ನ ಮನೆಯ ಮುಂದಿನ ನೋಟಕ್ಕೆ ಅಡ್ಡ ಬರುತ್ತದೆಂದು ಒಂದು ಇಡೀ ಪೇಟೆಯನ್ನು ಕೆಡವಿಸಿ, ಜನರನ್ನು ಕಣಿವೆಯ ಮರೆಗೆ ಸಾಗಿಸಿದ. ಅಲ್ಲಿ ಒಂದೇ ಅಚ್ಚಿನಲ್ಲಿ ಕಟ್ಟಿಸಿದ ಹುಲ್ಲುಮಾಡಿನ ಮನೆಗಳ ಸಾಲೇ ಇಂದಿನ ಮಿಲ್ಟನ್ ಆ್ಯಬಸ್. ಕ್ಯಾಲೆಂಡರ್‌ಗಳ ಅಚ್ಚುಮೆಚ್ಚಿನ ಊರು. ಬ್ರಿಸ್ಟಲ್ ಬಳಿಯ ಬ್ಲೇಸ್ ಹ್ಯಾಮ್ಲೆಟ್‌ನಲ್ಲಿ ಜಾನ್ ನ್ಯಾಷ್ ಎಂಬ ವಾಸ್ತುಶಿಲ್ಪಿ 1811ರ ಸುಮಾರಿಗೆ ಧನಿಕನೊಬ್ಬನ ನಿವೃತ್ತ ಆಳುಗಳಿಗಾಗಿ ಒಂಬತ್ತು ಮನೆಗಳನ್ನು ರೂಪಿಸಿದ. ಒಂದರಂತೆ ಇನ್ನೊಂದಿಲ್ಲ, ಎಲ್ಲವೂ ತಾನಾಗಿ ಬೆಳೆದ ಹಳ್ಳಿಯಂತೆ ಕಾಣಲೆಂದು ಲೆಕ್ಕ ಹಾಕಿ ಮಾಡಿದ ಡೊಂಕು.

ವಿಲ್ಟ್‌ಶೈರ್‌ನ ಲೇಕಾಕ್ ಇಡಿಯಾಗಿ ಒಂದೇ ಒಡೆತನದಲ್ಲಿ ಉಳಿದುಬಂದ ಹಳ್ಳಿ. ನಾಲ್ಕು ಬೀದಿ ಒಂದು ಚೌಕ, ಅಗಲವಾದ ಪೇಟೆಬೀದಿ, 14ನೆಯ ಶತಮಾನದ ಧಾನ್ಯದ ಕಣಜ, ಕುಡುಕರನ್ನು ಒಂದು ರಾತ್ರಿ ಕೂಡಿಹಾಕುತ್ತಿದ್ದ ಕಲ್ಲಿನ ಪುಟ್ಟ ಕೋಣೆ. ಪಕ್ಕದ ಲೇಕಾಕ್ ಆ್ಯಬಿ 13ನೆಯ ಶತಮಾನದ ಸನ್ಯಾಸಿನಿಯರ ಮಠ. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದ ಮೇಲೆ ಜಮೀನುದಾರರ ಬಂಗಲೆಯಾಯಿತು. 1835ರಲ್ಲಿ ಅದರ ಒಡೆಯ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ತನ್ನ ಮನೆಯ ಒಂದು ಕಿಟಕಿಯ ಚಿತ್ರ ತೆಗೆದ. ಉಳಿದಿರುವ ಛಾಯಾಚಿತ್ರ ನೆಗೆಟಿವ್‌ಗಳಲ್ಲಿ ಅದೇ ಅತಿ ಹಳೆಯದು. ಇಂದು ಸಿನಿಮಾದವರ, ಪ್ರವಾಸಿಗರ ಕ್ಯಾಮೆರಾಗಳಿಂದ ಕಾಟ ಅನುಭವಿಸುವ ಹಳ್ಳಿಯೊಂದರಲ್ಲೇ ಆ ವಿದ್ಯೆ ಕಣ್ಣುಬಿಟ್ಟದ್ದು ಸೋಜಿಗ. 1944ರಲ್ಲಿ ಮಟಿಲ್ಡಾ ಟಾಲ್ಬಟ್ ಆ್ಯಬಿಯನ್ನೂ ಹಳ್ಳಿಯನ್ನೂ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ಗೆ ದಾನ ಮಾಡಿದರು. ಈಗ ಹಳ್ಳಿಗರಲ್ಲಿ ಹೆಚ್ಚಿನವರು ಟ್ರಸ್ಟಿನ ಬಾಡಿಗೆದಾರರು. ಬೀದಿಗೆ ಕಾಣುವಂತೆ ವಿದ್ಯುತ್ ತಂತಿಯಿಲ್ಲ, ಆಂಟೆನಾ ಇಲ್ಲ. 1995ರ ‘ಪ್ರೈಡ್ ಅಂಡ್ ಪ್ರಿಜುಡಿಸ್’ ಧಾರಾವಾಹಿಯಿಂದ ಹ್ಯಾರಿ ಪಾಟರ್ ಚಿತ್ರಗಳವರೆಗೆ ಇಲ್ಲಿ ಚಿತ್ರೀಕರಣ ನಡೆದಿದೆ. ಚಿತ್ರತಂಡ ಬಂದ ದಿನ ಡಾಂಬರಿನ ಮೇಲೆ ಮಣ್ಣು ಸುರಿಯುತ್ತಾರೆ. ನಿವಾಸಿಗಳು ಅದನ್ನು ತುಳಿದುಕೊಂಡೇ ಹಾಲು ತರಲು ಹೋಗಬೇಕು. ಸಮೀಪದ ಕಾಸಲ್ ಕೂಮ್‌ನಲ್ಲಿ ಇದು ಜಗಳಕ್ಕೂ ತಿರುಗಿತ್ತು. 1966ರಲ್ಲಿ ‘ಡಾಕ್ಟರ್ ಡೂಲಿಟ್ಲ್’ ಚಿತ್ರಕ್ಕಾಗಿ ಊರ ಹೊಳೆಗೆ ಕಟ್ಟಿದ ಒಡ್ಡನ್ನು ಸಿಡಿಸಲು ಹೊರಟವರಲ್ಲಿ ಸೈನ್ಯದ ತರುಣ ಅಧಿಕಾರಿಯೊಬ್ಬನಿದ್ದ. ಮುಂದೆ ಧ್ರುವಯಾತ್ರಿಯಾಗಿ ಹೆಸರಾದ ರಾನಲ್ಫ್ ಫೈನ್ಸ್ ಈತನೇ. ದಂಡವನ್ನೂ ತೆತ್ತ, ವಿಶೇಷ ಪಡೆಯಲ್ಲಿನ ಸ್ಥಾನವನ್ನೂ ಕಳೆದುಕೊಂಡ.

ಮನೆ, ನೀರು, ಬೆಂಕಿ

1947ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆಯಿಂದೀಚೆಗೆ ಐತಿಹಾಸಿಕ ಕಟ್ಟಡಗಳನ್ನು ಪಟ್ಟಿ ಮಾಡಿ ದರ್ಜೆ ಕೊಡಲಾಗಿದೆ. 1967ರ ಕಾಯಿದೆ ಇಡೀ ಬೀದಿ, ಇಡೀ ಊರನ್ನೇ ಸಂರಕ್ಷಿತ ಪ್ರದೇಶವೆಂದು ಸಾರುವ ಅಧಿಕಾರ ಕೊಟ್ಟಿತು. ಪಟ್ಟಿಯಲ್ಲಿರುವ ಮನೆಯ ಒಡೆಯ ತನ್ನ ಕಿಟಕಿಗೆ ಎರಡು ಪದರದ ಗಾಜು ಹಾಕಿಸಬೇಕಾದರೂ ಅನುಮತಿ ಕೇಳಬೇಕಾಗಬಹುದು; ಅನುಮತಿಯಿಲ್ಲದೆ ಬದಲಾವಣೆ ಮಾಡುವುದು ಅಪರಾಧ. ಹಲವು ಹಳ್ಳಿಗಳಿಗೆ ಅನಿಲದ ಕೊಳವೆ ಇಂದಿಗೂ ಬಂದಿಲ್ಲ. ಹಿತ್ತಲಿನ ತೊಟ್ಟಿಯಲ್ಲಿ ಬಾಯ್ಲರಿನ ಎಣ್ಣೆ ತುಂಬಿಸಿಕೊಳ್ಳಬೇಕು, ಒಲೆಗೆ ಸೌದೆ ಒಟ್ಟಿಕೊಳ್ಳಬೇಕು, ಶೌಚದ ಗುಂಡಿಯನ್ನು ಆಗಾಗ ಬರಿದು ಮಾಡಿಸಬೇಕು. ಎಣ್ಣೆ ಅಗ್ಗವಾಗಲೆಂದು ಊರಿನವರು ಸೇರಿ ಒಟ್ಟಿಗೆ ಆರ್ಡರು ಕೊಡುವ ಏರ್ಪಾಡೂ ಇದೆ.

ಹುಲ್ಲುಮಾಡಿನ ಸಂಗತಿ ಸ್ವಲ್ಪ ಬಿಡಿಸಿ ಹೇಳುವಂಥದು. ಅದಕ್ಕೆ ಜೊಂಡು ಇಲ್ಲವೇ ಗೋಧಿಯ ಹುಲ್ಲು ಬೇಕು. ಹಸಿರು ಕ್ರಾಂತಿಯ ಗೋಧಿ ತಳಿಗಳು ಗಿಡ್ಡ. ಅವುಗಳ ಹುಲ್ಲು ಮಾಡಿಗೆ ಬಾರದು. ಆದ್ದರಿಂದ ಮಾರಿಸ್ ವಿಜನ್ ಮುಂತಾದ ಹಳೆಯ ಎತ್ತರದ ತಳಿಗಳನ್ನು ಕೆಲವು ರೈತರು ಹುಲ್ಲಿಗೆಂದೇ ಬೆಳೆಯುತ್ತಾರೆ. ಕಂಬೈನ್ ಯಂತ್ರ ಕಾಂಡವನ್ನು ಜಜ್ಜುವುದರಿಂದ ಅದನ್ನು ಹಳೆಯ ಕಾಲದ ಬೈಂಡರ್‌ನಲ್ಲಿ ಕೊಯ್ದು, ಸಿವುಡು ಕಟ್ಟಿ, ಹೊಲದಲ್ಲೇ ಒಣಗಿಸುತ್ತಾರೆ. ಒಳ್ಳೆಯ ಹೊದಿಕೆ ಕೆಲವು ದಶಕ ಬಾಳುತ್ತದೆ. ಆದರೆ ಮಾಡಿನ ನೆತ್ತಿಯನ್ನು ಹತ್ತು ಹದಿನೈದು ವರ್ಷಕ್ಕೊಮ್ಮೆ ಹೊಸದು ಮಾಡಲೇಬೇಕು. ವಿಮೆಯೂ ದುಬಾರಿ. ಬಡವರ ಹೊದಿಕೆ ಇಂದು ಉಳ್ಳವರ ಕೈಗೆ ಮಾತ್ರ ಎಟುಕುತ್ತದೆ.

ನೀರಿನ ಕಥೆಯಲ್ಲಿ ಭಾರತಕ್ಕೊಂದು ಜಾಗವಿದೆ. ಆಕ್ಸ್‌ಫರ್ಡ್‌ಶೈರ್‌ನ ಚಿಲ್ಟರ್ನ್ ಗುಡ್ಡಗಳ ಮೇಲಿನ ಸ್ಟೋಕ್ ರೋ ಹಳ್ಳಿಯಲ್ಲಿ ಸುಣ್ಣದ ನೆಲ; ಬಿದ್ದ ಮಳೆಯೆಲ್ಲ ಇಂಗಿಹೋಗುತ್ತಿತ್ತು, ಬೇಸಿಗೆಯಲ್ಲಿ ಕೊಳಕು ಕುಂಟೆಯೇ ಗತಿ. ಆ ಸೀಮೆಯವನಾದ ಎಡ್ವರ್ಡ್ ರೀಡ್ ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದಾಗ, ಮನೆಯವರಿಗೆ ಹೇಳದೆ ಕೊನೆಯ ಗುಟುಕು ನೀರು ಕುಡಿದದ್ದಕ್ಕೆ ಹೊಡೆತ ತಿಂದ ತನ್ನ ಊರಕಡೆಯ ಹುಡುಗನ ಸಂಗತಿಯನ್ನು ಕಾಶಿಯ ಮಹಾರಾಜ ಈಶ್ವರೀ ಪ್ರಸಾದ ನಾರಾಯಣ ಸಿಂಹರಿಗೆ ಹೇಳಿದ್ದನಂತೆ. ರೀಡ್ ಅಜಂಗಢದಲ್ಲಿ ಬಾವಿಯೊಂದನ್ನು ತೋಡಿಸಿಕೊಟ್ಟಿದ್ದ. ಅದಕ್ಕೆ ಪ್ರತಿಯಾಗಿ ಮಹಾರಾಜರು ಸ್ಟೋಕ್ ರೋಗೆ ಬಾವಿ ಕೊಟ್ಟರು. ನಾಲ್ಕು ಅಡಿ ಅಗಲ, 368 ಅಡಿ ಆಳ. ಪೂರ್ತಿ ಕೈಯಿಂದಲೇ ತೋಡಿದ್ದು. 1864ರಲ್ಲಿ ತೆರೆದ ಈ ಬಾವಿಯ ಮೇಲೆ ಬಂಗಾರದ ಬಣ್ಣದ ಗುಮ್ಮಟ, ಅದರಡಿ ಯಂತ್ರದ ಮೇಲೆ ಆನೆಯ ಬೊಂಬೆ. ಬಾವಿಯ ಖರ್ಚು ನಡೆಯಲೆಂದು ಪಕ್ಕದಲ್ಲಿ ಚೆರಿ ತೋಟವನ್ನೂ ಹಾಕಿಸಿದರು. ಕೊಳಾಯಿ ಬರುವವರೆಗೆ ಒಂದು ಇಂಗ್ಲಿಷ್ ಹಳ್ಳಿ ಕಾಶಿ ರಾಜರ ದಾನದ ನೀರು ಕುಡಿಯಿತು.

ಒಂದು ದಿನ

ಹಳ್ಳಿಯ ದಿನ ನಾಯಿಯಿಂದ ಶುರುವಾಗುತ್ತದೆ ಎಂದರೆ ತಪ್ಪಾಗದು. ಮಳೆ ಬರಲಿ ಬಿಡಲಿ, ಮೊಣಕಾಲಿನವರೆಗಿನ ರಬ್ಬರ್ ಬೂಟು ಹಾಕಿಕೊಂಡು ಬೆಳಿಗ್ಗೆ ನಾಯಿಯೊಂದಿಗೆ ಹೊರಡುವವರು ದಾರಿಯಲ್ಲಿ ಎದುರಾದವರೊಂದಿಗೆಲ್ಲ ಹವೆಯ ಮಾತಾಡುತ್ತಾರೆ. ಊರ ಸುದ್ದಿ ಹರಡುವುದು ಹೀಗೆ. ನಡೆಯಲು ದಾರಿಗೆ ಬರವಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 2,25,000 ಕಿ.ಮೀ. ಸಾರ್ವಜನಿಕ ಹಾದಿಗಳಿವೆ. ಅವು ಖಾಸಗಿ ಹೊಲದ ನಡುವೆ ಹೋದರೂ ರೈತ ಅಡ್ಡ ಹಾಕುವಂತಿಲ್ಲ. ಬೇಲಿ ಇದ್ದ ಕಡೆ ಮನುಷ್ಯ ದಾಟಿ ದನ ದಾಟದಂಥ ಮೆಟ್ಟಿಲೋ ತಿರುಗುವ ಗೇಟೋ ಇರಬೇಕು.

ಎಂಟೂವರೆಗೆ ಬೀದಿ ತುಂಬ ಕಾರು. ಶಾಲೆಗೆ, ರೈಲು ನಿಲ್ದಾಣಕ್ಕೆ, ಹತ್ತಿರದ ಪಟ್ಟಣಕ್ಕೆ. 1963ರ ಬೀಚಿಂಗ್ ವರದಿ 2,363 ರೈಲು ನಿಲ್ದಾಣಗಳನ್ನು ಮುಚ್ಚಲು ಹೇಳಿತು. ಹೆಚ್ಚಿನವು ಮುಚ್ಚಿಯೂ ಹೋದವು. ಬಸ್ಸು ದಿನಕ್ಕೆ ಎರಡೋ ಮೂರೋ. ಹದಿನೇಳು ತುಂಬಿ ಕಾರಿನ ಲೈಸೆನ್ಸು ಸಿಗುವವರೆಗೆ ಹಳ್ಳಿಯ ಹುಡುಗರು ಅಪ್ಪ ಅಮ್ಮಂದಿರ ಕಾರಿಗೆ ಕಟ್ಟುಬಿದ್ದವರು, ಕಣ್ಣು ಮಂಜಾಗಿ ಲೈಸೆನ್ಸು ಬಿಟ್ಟ ಮುದುಕರು ನೆರೆಯವರ ಕಾರಿಗೆ. ವೈದ್ಯರ ಬಳಿಗೆ ಅವರನ್ನು ಕರೆದೊಯ್ಯಲು ಸ್ವಯಂಸೇವಕ ಚಾಲಕರ ಪಟ್ಟಿಯೇ ಇರುತ್ತದೆ.

ಹಗಲಲ್ಲಿ ಊರು ಖಾಲಿ ಎನಿಸುತ್ತದೆ. ಹೊಲದಲ್ಲಿ ಒಬ್ಬನೇ ಟ್ರ್ಯಾಕ್ಟರಿನವನು, ಅವನೂ ಗುತ್ತಿಗೆಯವನಿರಬಹುದು. ಕೆಂಟ್, ಹೆರೆಫರ್ಡ್‌ಶೈರ್ ಕಡೆ ಸ್ಟ್ರಾಬೆರಿ, ಸೇಬು ಕೀಳುವವರು 2019ರಲ್ಲಿ ಆರಂಭವಾದ ಹಂಗಾಮಿ ವೀಸಾ ಮೇಲೆ ದೂರದೇಶಗಳಿಂದ, ಈಚೆಗೆ ಮಧ್ಯ ಏಷ್ಯಾದಿಂದಲೂ, ಬಂದವರು. ಬೇಲಿಯ ಹಿಂದಿನ ಕ್ಯಾರವಾನುಗಳಲ್ಲಿ ಇರುತ್ತಾರೆ. ಕ್ಯಾಲೆಂಡರಿನ ಚಿತ್ರದಲ್ಲಿ ಇವರು ಬರುವುದಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲೆ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು. ಎರಡು ಋತುಗಳಲ್ಲಿ ಒಂದೇ ಊರು ಬೇರೆ ಬೇರೆ ಊರಾಗುತ್ತದೆ.

ಸಂಜೆ ಏಳಕ್ಕೆ ರೇಡಿಯೊದಲ್ಲಿ ‘ದಿ ಆರ್ಚರ್ಸ್’. ಕಲ್ಪಿತ ಹಳ್ಳಿಯೊಂದರ ಈ ಧಾರಾವಾಹಿ 1951ರ ಜನವರಿ 1ರಿಂದ ಬಿಬಿಸಿಯಲ್ಲಿ ದೇಶವ್ಯಾಪಿ ಪ್ರಸಾರವಾಗುತ್ತಿದೆ. ಯುದ್ಧಾನಂತರದ ಆಹಾರದ ಕೊರತೆಯಲ್ಲಿ ರೈತರಿಗೆ ಹೊಸ ಬೇಸಾಯ ತಿಳಿಸಲೆಂದು ಕೃಷಿ ಸಚಿವಾಲಯದ ನೆರವಿನಿಂದ ಹುಟ್ಟಿದ್ದು. ನಮ್ಮ ಆಕಾಶವಾಣಿಯ ಕೃಷಿರಂಗಕ್ಕೆ ಸಂಸಾರದ ಕಥೆ ಹೆಣೆದಂತೆ. ಇಂದು ಕೇಳುವವರು ಬಹುಪಾಲು ಪಟ್ಟಣಿಗರು.

ಪ್ಯಾರಿಷ್ ಕೌನ್ಸಿಲ್ ಮತ್ತು ಚರ್ಚು

1894ರ ಕಾಯಿದೆಯಿಂದ ಹುಟ್ಟಿದ ಪ್ಯಾರಿಷ್ ಕೌನ್ಸಿಲ್‌ಗಳು ಇಂಗ್ಲೆಂಡಿನಲ್ಲಿ ಹತ್ತು ಸಾವಿರದಷ್ಟಿವೆ. ಅಧಿಕಾರ ಚಿಕ್ಕದು: ಬೀದಿದೀಪ, ಬೆಂಚು, ಆಟದ ಮೈದಾನ, ಸ್ಮಶಾನ, ಬಾಡಿಗೆಗೆ ಕೊಡುವ ತರಕಾರಿ ಮಡಿಗಳು. ಹೊಸ ಮನೆ ಕಟ್ಟುವ ಅರ್ಜಿಗಳ ಮೇಲೆ ಅಭಿಪ್ರಾಯ ಹೇಳಬಹುದು, ತೀರ್ಮಾನ ಮೇಲಿನವರದು. ಸದಸ್ಯರಿಗೆ ಸಂಬಳವಿಲ್ಲ, ಅರೆಕಾಲಿಕ ಗುಮಾಸ್ತರೊಬ್ಬರು ಲೆಕ್ಕ ಮತ್ತು ಕಾನೂನು ನೋಡಿಕೊಳ್ಳುತ್ತಾರೆ. ಆದರೆ ಕಾವು ಕಡಿಮೆಯಿಲ್ಲ. ಚೆಷೈರ್‌ನ ಹ್ಯಾಂಡ್‌ಫೋರ್ತ್ ಕೌನ್ಸಿಲ್‌ಗೆ ಸೇರಿದ ಆನ್‌ಲೈನ್ ಸಭೆಯ ಜಗಳದ ವಿಡಿಯೊ 2021ರಲ್ಲಿ ಲಕ್ಷಾಂತರ ಜನರನ್ನು ನಗಿಸಿತು. ಹಳ್ಳಿಯ ಸಭೆ ಕಂಡವರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ.

ಚರ್ಚಿಗೆ ಭಾನುವಾರ ಬರುವವರು ಬೆರಳೆಣಿಕೆಯಾದರೂ ಊರಿನ ನೆನಪೆಲ್ಲ ಅಲ್ಲಿದೆ. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಿಂದ ಜ್ಞಾನಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡುವ ಕ್ರಮ ಬಂತು. ಅಂಗಳದಲ್ಲಿ ಯೂ ಮರ, ಪಾಚಿಗಟ್ಟಿದ ಕಲ್ಲುಗಳು, ಒಳಗೋ ಹೊರಗೋ ಎರಡು ಮಹಾಯುದ್ಧಗಳಲ್ಲಿ ಸತ್ತವರ ಪಟ್ಟಿ. ಮೂವತ್ತು ಮನೆಯ ಊರಿನ ಪಟ್ಟಿಯಲ್ಲಿ ಒಂದೇ ಅಡ್ಡಹೆಸರಿನ ಮೂವರಿರುವುದುಂಟು. ಒಬ್ಬ ಪಾದ್ರಿಗೆ ಈಗ ಐದಾರು ಚರ್ಚು. ಹೂವು ಜೋಡಿಸುವ, ಹಿತ್ತಾಳೆ ಉಜ್ಜುವ, ಹುಲ್ಲು ಕತ್ತರಿಸುವ ಸರದಿಯ ಪಟ್ಟಿ ಬಾಗಿಲಲ್ಲಿ ತೂಗುತ್ತಿರುತ್ತದೆ.

ಗಂಟೆ ಬಾರಿಸುವವರು ಚರ್ಚಿಗೆ ಸೇರಿಯೂ ಸೇರದ ಪಂಗಡ. ಅವರಲ್ಲಿ ದೇವರನ್ನು ನಂಬದವರೂ ಇದ್ದಾರೆ. ಗೋಪುರದಲ್ಲಿ ಆರೋ ಎಂಟೋ ದೊಡ್ಡ ಗಂಟೆಗಳು, ಒಂದೊಂದೂ ಚಕ್ರಕ್ಕೆ ಬಿಗಿದು ಪೂರ್ತಿ ಸುತ್ತು ತಿರುಗುವಂತೆ ತೂಗಿದ್ದು, ಒಂದೊಂದು ಹಗ್ಗಕ್ಕೂ ಒಬ್ಬೊಬ್ಬರು. ರಾಗ ನುಡಿಸುವುದು ಇವರ ಗುರಿಯಲ್ಲ. ಗಂಟೆಗಳ ಅನುಕ್ರಮವನ್ನು ಪ್ರತಿ ಸುತ್ತಿನಲ್ಲೂ ಬದಲಿಸುತ್ತ, ಒಮ್ಮೆ ಬಂದ ಕ್ರಮ ಮತ್ತೆ ಬಾರದಂತೆ ನೋಡಿಕೊಳ್ಳಬೇಕು. ಏಳು ಗಂಟೆಗಳಿಗೆ 5,040 ಕ್ರಮಗಳು ಸಾಧ್ಯ. ಅಷ್ಟನ್ನೂ ಬಾರಿಸಲು ಸುಮಾರು ಮೂರು ತಾಸು ಬೇಕು. ಕಾಗದ ನೋಡುವಂತಿಲ್ಲ, ಎಲ್ಲ ಬಾಯಿಪಾಠ. 1940ರ ಜೂನ್‌ನಲ್ಲಿ, ಶತ್ರು ದಾಳಿಯಾದರೆ ಮಾತ್ರ ಗಂಟೆ ಬಾರಿಸಬೇಕೆಂದು ಸರ್ಕಾರ ಅವನ್ನು ನಿಲ್ಲಿಸಿತ್ತು. ಈಜಿಪ್ಟಿನ ಎಲ್ ಅಲಮೇನ್ ಕದನದ ಗೆಲುವಿಗೆಂದು 1942ರ ನವೆಂಬರಿನಲ್ಲಿ ಬಾರಿಸಿದಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ 1943ರವರೆಗೂ ಹಳ್ಳಿಗಳು ಮೌನವಾಗಿದ್ದವು.

ಪಬ್, ಅಂಗಡಿ, ಅಂಚೆ

ಪಬ್ ಎಂದರೆ ಹೆಂಡದಂಗಡಿ ಎನ್ನುವುದು ಪೂರ್ತಿ ಸರಿಯಲ್ಲ. ಮಕ್ಕಳು ಮರಿ ಕೂತು ಉಣ್ಣುವ, ನಾಯಿಗೂ ಬೋಗುಣಿಯಲ್ಲಿ ನೀರಿಡುವ, ಪಂಚಾಯ್ತಿ ಮುಗಿಸಿದವರು ಮತ್ತೆ ವಾದಕ್ಕೆ ಕೂರುವ ಜಾಗ. ಲೇಕಾಕ್‌ನ ಜಾರ್ಜ್ ಇನ್‌ನಲ್ಲಿ ಒಲೆಯ ಪಕ್ಕ ದೊಡ್ಡ ಮರದ ಚಕ್ರವೊಂದಿದೆ. ಹಿಂದೆ ಅದರೊಳಗೆ ನಾಯಿಯನ್ನು ಓಡಿಸಿ ಮಾಂಸ ಸುಡುವ ಸಲಾಕೆಯನ್ನು ತಿರುಗಿಸುತ್ತಿದ್ದರು. ಭಾನುವಾರ ಮಧ್ಯಾಹ್ನದ ಹುರಿದ ಮಾಂಸದೂಟ ಇಂದಿಗೂ ಪಬ್ಬುಗಳ ಜೀವನಾಡಿ. ಬ್ರೆಡ್ಡು, ಚೀಸು, ಉಪ್ಪಿನಕಾಯಿಯ ‘ಪ್ಲೌಮನ್ಸ್ ಲಂಚ್’ ಉಳುವವನ ಪುರಾತನ ಬುತ್ತಿಯಂತೆ ಕೇಳಿಸಿದರೂ ಆ ಹೆಸರನ್ನು ಊರೂರಿಗೆ ಹರಡಿದ್ದು 1950-60ರ ದಶಕಗಳ ಚೀಸ್ ಪ್ರಚಾರ.

ಪಬ್ಬುಗಳು ಮುಚ್ಚುತ್ತಿವೆ. ಕೆಲವು ಊರವರು ಷೇರು ಹಾಕಿ ತಾವೇ ಕೊಂಡುಕೊಂಡಿದ್ದಾರೆ. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್‌ನ ಓಲ್ಡ್ ಕ್ರೌನ್ 2003ರಲ್ಲಿ ಹೀಗೆ ಸಹಕಾರಿ ಪಬ್ ಆಯಿತು. ಕಿರಾಣಿ ಅಂಗಡಿಗಳದೂ ಅದೇ ದಾರಿ. ಊರೇ ಒಡೆತನ ವಹಿಸಿ, ನಿವೃತ್ತರು ಸರದಿಯ ಮೇಲೆ ಗಲ್ಲಾದಲ್ಲಿ ಕೂರುವ ಅಂಗಡಿಗಳು ನೂರಾರು. ಗಿಲ್ಬರ್ಟ್ ಸ್ಕಾಟ್ ರೂಪಿಸಿದ ಕೆಂಪು ಟೆಲಿಫೋನ್ ಪೆಟ್ಟಿಗೆಗಳನ್ನು ಕಂಪನಿ ಒಂದು ಪೌಂಡಿಗೆ ಊರುಗಳಿಗೆ ಬಿಟ್ಟುಕೊಟ್ಟಿತು. ಈಗ ಒಂದರಲ್ಲಿ ಪುಸ್ತಕಗಳು, ಇನ್ನೊಂದರಲ್ಲಿ ಹೃದಯಾಘಾತಕ್ಕೆ ಷಾಕ್ ಕೊಡುವ ಯಂತ್ರ.

ಅಂಚೆ ಕಚೇರಿ ಸಾಮಾನ್ಯವಾಗಿ ಅಂಗಡಿಯೊಳಗಿನ ಒಂದು ಕೌಂಟರು. ನಡೆಸುವವರು ಗುತ್ತಿಗೆಯವರು, ಅವರಲ್ಲಿ ಭಾರತೀಯ ಮೂಲದ ಕುಟುಂಬಗಳೂ ಬಹಳ. 1999ರಿಂದೀಚೆಗೆ ಬಂದ ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ಇಲ್ಲದ ಕೊರತೆಯನ್ನು ಲೆಕ್ಕದಲ್ಲಿ ತೋರಿಸಿತು. ಅದರ ಆಧಾರದ ಮೇಲೆ 900ಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳುಲೆಕ್ಕದ ಆರೋಪದಲ್ಲಿ ಅಪರಾಧಿಗಳಾದರು. ಹ್ಯಾಂಪ್‌ಶೈರ್‌ನ ಸೌತ್ ವಾರ್ನ್‌ಬರೊ ಹಳ್ಳಿಯ ಅಂಚೆಯಾಕೆಯ ಮೇಲೂ ಮೊಕದ್ದಮೆ ನಡೆಯಿತು. ಊರವರು ಹಣ ಒಟ್ಟುಮಾಡಿ ಕೊಟ್ಟರು. 2008ರಲ್ಲಿ ಶಿಕ್ಷೆ ಪ್ರಕಟವಾಗುವ ದಿನ ನ್ಯಾಯಾಲಯಕ್ಕೆ ಗುಂಪಾಗಿ ಹೋಗಿ ಕೂತರು. ಆಕೆಯ ಶಿಕ್ಷೆ ರದ್ದಾದದ್ದು 2021ರಲ್ಲಿ. ಹಳ್ಳಿ ಎಂದರೆ ಪಿಸುಮಾತು, ಅಸೂಯೆ ಎಂದು ಬರೆದವರು ಬಹಳ, ಇದನ್ನೂ ಬರೆದಿಡಬೇಕು.

ವರ್ಷದ ಸುತ್ತು

ಮೇ ತಿಂಗಳಲ್ಲಿ ಬಣ್ಣದ ಪಟ್ಟಿ ಕಟ್ಟಿದ ಕಂಬದ ಸುತ್ತ ಶಾಲೆಯ ಮಕ್ಕಳ ಕುಣಿತ, ಜೂನ್-ಜುಲೈನಲ್ಲಿ ಚರ್ಚಿಗೋ ಶಾಲೆಗೋ ಹಣ ಕೂಡಿಸುವ ಫೇಟ್ ಎಂಬ ಬಯಲು ಮೇಳ, ಬೇಸಿಗೆಯ ಶನಿವಾರಗಳಲ್ಲಿ ಕ್ರಿಕೆಟ್, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸುಗ್ಗಿ ಪೂಜೆ, ನವೆಂಬರ್ 5ರಂದು ದೊಡ್ಡ ಬೆಂಕಿ. ಚರ್ಚಿನ ಸುಗ್ಗಿ ಪೂಜೆ ಈಗಿನ ರೂಪಕ್ಕೆ ಬಂದದ್ದು 1843ರಲ್ಲಿ, ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೋ ಪಾದ್ರಿ ರಾಬರ್ಟ್ ಹಾಕರ್‌ನಿಂದ.

ಊರಿನ ಸ್ವಭಾವ ತಿಳಿಯಬೇಕಾದರೆ ಆಗಸ್ಟ್-ಸೆಪ್ಟೆಂಬರಿನ ಫಲಪುಷ್ಪ ಪ್ರದರ್ಶನ ನೋಡಬೇಕು. ಸಮುದಾಯ ಭವನದಲ್ಲಿ ಬಿಳಿ ಕಾಗದ ಹಾಸಿದ ಮೇಜುಗಳು. ಈರುಳ್ಳಿಯ ವಿಭಾಗದಲ್ಲಿ ಗಾತ್ರ, ಬಣ್ಣ, ಆಕಾರ ಒಂದೇ ಇರುವಷ್ಟನ್ನೇ ಇಡಬೇಕು. ಕುತ್ತಿಗೆಯನ್ನು ರಾಫಿಯಾ ನಾರಿನಿಂದ ಕಟ್ಟಿ ಅಂದಗೊಳಿಸಿರಬೇಕು. ಒಂದು ದೊಡ್ಡದಿದ್ದು ಉಳಿದವು ಚಿಕ್ಕವಿದ್ದರೆ ಬಹುಮಾನವಿಲ್ಲ. ಜಾಮ್ ಬಾಟಲಿ ಕಂಠದವರೆಗೆ ತುಂಬಿರಬೇಕು, ಅಂಗಡಿಯ ಹೆಸರಿರುವ ಮುಚ್ಚಳ ಕೂಡದು. ವಿಕ್ಟೋರಿಯಾ ಸ್ಪಂಜ್ ಕೇಕಿನ ಮೇಲೆ ಬೇಯಿಸಿದ ಜಾಲರಿಯ ಗುರುತು ಕಂಡರೆ ಅಂಕ ಕಡಿತ. ನಡುವೆ ಕೆನೆ ಹಾಕಿದರೆ ಅನರ್ಹ. ತೀರ್ಪುಗಾರ್ತಿ ಚೀಟಿಯಲ್ಲಿ ‘ನಿಯಮದಂತಿಲ್ಲ’ ಎಂದಷ್ಟೇ ಬರೆದು ಮುಂದೆ ಹೋಗುತ್ತಾರೆ. ಆ ಒಂದು ಮಾತಿನ ಕಹಿ ಮುಂದಿನ ವರ್ಷದವರೆಗೂ ಇರುತ್ತದೆ.

ಈ ಕೆಲಸಗಳ ಬೆನ್ನೆಲುಬು ವಿಮೆನ್ಸ್ ಇನ್ಸ್‌ಟಿಟ್ಯೂಟ್. 1897ರಲ್ಲಿ ಕೆನಡಾದಲ್ಲಿ ಹುಟ್ಟಿ, 1915ರಲ್ಲಿ ವೇಲ್ಸ್‌ನ ಒಂದು ಹಳ್ಳಿಯ ಮೂಲಕ ಬ್ರಿಟನ್ನಿಗೆ ಬಂದ ಮಹಿಳಾ ಸಂಘ ಇದು. ಜಾಮಿನ ಹೆಸರೇ ಅಂಟಿಕೊಂಡಿದ್ದರೂ ಹಳ್ಳಿಗಳಿಗೆ ಕೊಳಾಯಿ ನೀರು, ಒಳ್ಳೆಯ ವಸತಿ ಬೇಕೆಂದು ಹೋರಾಡಿದ ಚರಿತ್ರೆ ಇದಕ್ಕಿದೆ.

ಯಾರ ಹಳ್ಳಿ

ಚೆಲುವಿನ ಬೆಲೆಯನ್ನು ಇಂದು ಕೊಡುತ್ತಿರುವವರು ಊರಿನ ಮಕ್ಕಳು. 1980ರ ವಸತಿ ಕಾಯಿದೆ ಬಾಡಿಗೆದಾರರಿಗೆ ಸರ್ಕಾರಿ ಮನೆಗಳನ್ನು ಕೊಳ್ಳುವ ಹಕ್ಕು ಕೊಟ್ಟಿತು. ಮಾರಿದಷ್ಟು ಮತ್ತೆ ಕಟ್ಟಲಿಲ್ಲ. ಪಟ್ಟಣದವರು ವಾರಾಂತ್ಯಕ್ಕೆಂದು ಮನೆ ಕೊಂಡರು. ಕೂಲಿಯ ಕಾಟೇಜಿಗೆ ಈಗ ಕೂಲಿಯ ಮೊಮ್ಮಗ ಬೆಲೆ ಕಟ್ಟಲಾರ. ಅವನು ಪಟ್ಟಣದಲ್ಲಿ ಬಾಡಿಗೆಗಿದ್ದು ಹಳ್ಳಿಗೆ ಕೆಲಸಕ್ಕೆ ಬರುತ್ತಾನೆ. ಮಕ್ಕಳಿಲ್ಲದೆ ಶಾಲೆ ಮುಚ್ಚುತ್ತದೆ. ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ಜನ 2016ರಲ್ಲಿ ಮತ ಹಾಕಿ, ಹೊಸ ಮನೆಗಳು ವರ್ಷವಿಡೀ ವಾಸಿಸುವವರಿಗೇ ಮೀಸಲೆಂಬ ನಿಯಮ ತಂದರು. 2025ರ ಏಪ್ರಿಲ್‌ನಿಂದ ಎರಡನೆಯ ಮನೆಗಳ ಮೇಲೆ ಸ್ಥಳೀಯ ತೆರಿಗೆಯನ್ನು ಇಮ್ಮಡಿ ಮಾಡುವ ಅಧಿಕಾರ ಕೌನ್ಸಿಲ್‌ಗಳಿಗೆ ಸಿಕ್ಕಿದೆ. ಅಷ್ಟಾದರೂ ಹೊಲದಂಚಿನಲ್ಲಿ ಇಪ್ಪತ್ತು ಅಗ್ಗದ ಮನೆ ಕಟ್ಟುತ್ತೇವೆಂದರೆ ಮೊದಲ ಆಕ್ಷೇಪ ಬರುವುದು ಈಚೆಗೆ ಬಂದು ನೆಲೆಸಿದವರಿಂದಲೇ, ನೋಟ ಕೆಡುತ್ತದಂತೆ.

ನೋಟದ ಹಕ್ಕು ಯಾರದು ಎಂಬ ಪ್ರಶ್ನೆ ಬೈಬರಿಯಲ್ಲಿ ಬೀದಿಗೇ ಬಂತು. ಆರ್ಲಿಂಗ್‌ಟನ್ ರೋ ಹತ್ತಿರ ವಾಸವಿದ್ದ ವೃದ್ಧರೊಬ್ಬರ ಹಳದಿ ಕಾರು ತಮ್ಮ ಫೋಟೊ ಕೆಡಿಸುತ್ತದೆಂದು ಪ್ರವಾಸಿಗರು ದೂರುತ್ತಿದ್ದರು. 2017ರ ಆರಂಭದಲ್ಲಿ ಯಾರೋ ಅದರ ಗಾಜು ಒಡೆದು, ಮೈ ಗೀಚಿ ಹಾಳುಮಾಡಿದರು. ಏಪ್ರಿಲ್ 1ರಂದು ದೇಶದ ಮೂಲೆಮೂಲೆಯಿಂದ ಬಂದ ನೂರರಷ್ಟು ಹಳದಿ ಕಾರುಗಳು ಸಾಲಾಗಿ ಬೈಬರಿಯಲ್ಲಿ ಹಾದುಹೋದವು.

ಇಂಥ ಊರುಗಳನ್ನು ನೋಡಹೋಗುವ ಕನ್ನಡಿಗರು ಬೇಸಿಗೆಯ ಶನಿವಾರ, ಭಾನುವಾರಗಳನ್ನು ಬಿಟ್ಟು ವಾರದ ನಡುವೆ ಹೋಗುವುದು ಲೇಸು. ಹಲವು ಹಳ್ಳಿಗಳಿಗೆ ಭಾನುವಾರ ಬಸ್ಸೇ ಇಲ್ಲ. ಮನೆಗಳ ಕಿಟಕಿಯಲ್ಲಿ ಇಣುಕಬಾರದು, ಒಳಗೆ ಜನ ಊಟ ಮಾಡುತ್ತಿರುತ್ತಾರೆ. ಚರ್ಚಿನ ಬಾಗಿಲು ಹಗಲಲ್ಲಿ ಸಾಮಾನ್ಯವಾಗಿ ತೆರೆದಿರುತ್ತದೆ. ಒಳಗಿನ ಡಬ್ಬಿಗೆ ಹಾಕಿದ ಒಂದೆರಡು ಪೌಂಡು ಹೆಚ್ಚಾಗಿ ಮಾಡಿನ ದುರಸ್ತಿಗೇ ಹೋಗುತ್ತದೆ.